ಗೇಮ್ ಆಡೋದು ಜೀವನದಿಂದ ಓಡಿಹೋಗೋದಾ? ವಿಆರ್ ಎಲ್ರ ಮನೆಗೂ ಬಂದ್ರೆ ಏನಾಗುತ್ತೆ?

ಮಿಣುಕುಹುಳ
ಒಂದು ವಿಷ್ಯ ಕೇಳ್ಬೇಕಿತ್ತು, ಸ್ವಲ್ಪ ಉದ್ದ ಆಗುತ್ತೆ. ನನ್ನ ತಮ್ಮ ಚಿಕ್ಕಂದಿನಿಂದ ಗೇಮ್ ಆಡ್ಕೊಂಡೇ ಬೆಳೆದವ್ನು, ಅದೇನು ಹೊಸದಲ್ಲ. ಆದ್ರೆ ಕೆಲ್ಸ ಹೋದ್ಮೇಲೆ ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕೂತ ಅಂದ್ರೆ ಬೆಳಗಿನ ಜಾವದ ತನಕ ಏಳಲ್ಲ, ಯಾರ್ಯಾರ ಜೊತೆಗೋ ನಗ್ತಾ ಇರ್ತಾನೆ, ನಮ್ಮ ಜೊತೆ ಮಾತ್ರ ಹೂಂ ಉಹೂಂ ಅಷ್ಟೇ. ಮನೇಲಿ ದಿನಾ ಅದೇ ಜಗಳ, "ಜೀವನ ಎದುರಿಸೋಕಾಗ್ದೆ ಓಡಿಹೋಗ್ತಿದಾನೆ" ಅಂತ. ಈಗ ಯಾರೋ ಗೆಳೆಯನ ಹತ್ರ ಹಳೇ ವಿಆರ್ ಹೆಡ್‌ಸೆಟ್ ಒಂದು ತಗೊಂಡಿದಾನೆ, ಕಣ್ಣಿಗೆ ಕಟ್ಕೊಂಡ್ರೆ ಕಂಪ್ಯೂಟರ್ ಮಾಡಿದ ಲೋಕದೊಳಗೇ ಇದೀವಿ ಅನ್ಸುತ್ತಲ್ಲ, ಅದು. ನಾನೂ ಹಾಕ್ಕೊಂಡು ನೋಡ್ದೆ. ಕಾರ್ಟೂನ್ ಗೊಂಬೆ ರೂಪದಲ್ಲಿದ್ದ ಯಾರೋ ಒಬ್ರು ತೀರಾ ಹತ್ರ ಬಂದು ನಿಂತಾಗ ನಾನು ನಿಜವಾಗ್ಲೂ ಒಂದು ಹೆಜ್ಜೆ ಹಿಂದೆ ಇಟ್ಟೆ, ಎದೆ ಡವಗುಟ್ಟಿತು. ಟಿವಿ ನೋಡಿ ನಂಗೆ ಯಾವತ್ತೂ ಹಾಗಾಗಿಲ್ಲ.

ಪ್ರಶ್ನೆ ಎರಡು. ಗೇಮ್ ಆಡೋದು ಯಾವಾಗ ದಣಿವಾರಿಸ್ಕೊಳ್ಳೋದು, ಯಾವಾಗ ಓಡಿಹೋಗೋದು? ಆಮೇಲೆ, ಈ ವಿಆರ್ ಎಲ್ರ ಮನೆಗೂ ಬಂದ್ರೆ ಪಕ್ಕದಲ್ಲಿರೋ ಮನುಷ್ಯರ ಜೊತೆ ನಮ್ಮ ಸಂಬಂಧ ಏನಾಗುತ್ತೆ? ದಯವಿಟ್ಟು ಬೈಬೇಡಿ, ತಿಳ್ಕೊಳ್ಳೋಕೇ ಕೇಳ್ತಿರೋದು.

ರಾತ್ರಿಗೂಬೆ
ರಾತ್ರಿಯಿಡೀ ಕಾದಂಬರಿ ಓದಿದ್ರೆ ಮೆಚ್ಕೋತಾರೆ, ಇಡೀ ದಿನ ಕ್ರಿಕೆಟ್ ನೋಡಿದ್ರೆ ಯಾರೂ ಕೇಳಲ್ಲ, ಗೇಮ್ ಆಡಿದ್ರೆ ಮಾತ್ರ ಓಡಿಹೋದ ಅಂತಾರೆ, ಇದು ನಂಗೆ ಯಾವತ್ತೂ ಅರ್ಥ ಆಗಿಲ್ಲ. ಕೆಲ್ಸ ಕಳ್ಕೊಂಡವ್ನಿಗೆ ಹಗಲಿಡೀ "ನೀನು ಯಾತಕ್ಕೂ ಬೇಡ" ಅಂತ ಜಗತ್ತು ಹೇಳ್ತಿರುತ್ತೆ ಅಕ್ಕ, ಗೇಮಲ್ಲಿ ಅದೇ ಹುಡುಗ ಇಲ್ದಿದ್ರೆ ಟೀಮೇ ಸೋಲುತ್ತೆ. ಅವ್ನು ಅಲ್ಲಿಗೆ ಹೋಗೋದು ಅಲ್ಲಿ ಅವ್ನು ಬೇಕಾಗಿದಾನೆ ಅನ್ನೋದಕ್ಕೆ. ಮೊದ್ಲು ಯಾವುದರಿಂದ ಓಡ್ತಿದಾನೆ ಅದನ್ನ ನೋಡಿ.

ಒಂದೇಸಾಲು
ಕೆಲ್ಸ ಹುಡುಕ್ತಿದಾನಾ ಇಲ್ವಾ ಅದೊಂದು ಹೇಳಿ, ಮಿಕ್ಕಿದ್ದು ಆಮೇಲೆ ಮಾತಾಡೋಣ.

ಮಿಣುಕುಹುಳ
@ಒಂದೇಸಾಲು ಹುಡುಕ್ತಿದಾನೆ. ಅರ್ಜಿ ಹಾಕ್ತಾನೆ, ಇಂಟರ್ವ್ಯೂಗೂ ಹೋಗ್ತಾನೆ. ಆಗಲ್ಲ ಅಂತ ಮೇಲ್ ಬಂದ ದಿನ ಮಾತ್ರ ರೂಮಿನ ಬಾಗಿಲು ತೆಗಿಯೋದೇ ಇಲ್ಲ, ನೇರ ಹೆಡ್‌ಸೆಟ್.

ಮನೋಮಂಥನ
ಆಪ್ತಸಮಾಲೋಚನೆ ಕ್ಷೇತ್ರದಲ್ಲಿ ಕೆಲ್ಸ ಮಾಡ್ತೀನಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ. ಮೊದ್ಲು ಗಂಟೆ ಲೆಕ್ಕ ಹಾಕೋದನ್ನ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಇದೆಯಲ್ಲ, 2019ರಲ್ಲಿ ಒಪ್ಪಿಗೆ ಆಗಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದ್ರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಆದ್ರೆ ದಿನಕ್ಕೆ ಇಷ್ಟು ಗಂಟೆ ಆಡಿದ್ರೆ ಕಾಯಿಲೆ ಅಂತ ಅಲ್ಲಿ ಎಲ್ಲೂ ಬರ್ದಿಲ್ಲ. ಅವ್ರು ನೋಡೋದು ಮೂರು ವಿಷ್ಯ: ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆ ಆಸಕ್ತಿ ಮತ್ತು ದಿನನಿತ್ಯದ ಕೆಲ್ಸ ಎಲ್ಲಕ್ಕಿಂತ ಆಟವೇ ಮೇಲಾಗಿದೆಯಾ, ಕೆಟ್ಟದ್ದಾಗ್ತಿದೆ ಅಂತ ಗೊತ್ತಿದ್ರೂ ಮುಂದುವರೀತಿದೆಯಾ. ಇದೂ ಸಾಮಾನ್ಯವಾಗಿ 12 ತಿಂಗಳಾದ್ರೂ ಕಾಣ್ಬೇಕು, ಜೀವನಕ್ಕೆ ಗಂಭೀರ ಪೆಟ್ಟು ಬಿದ್ದಿರ್ಬೇಕು. ಅರ್ಜಿ ಹಾಕ್ತಾ ಇಂಟರ್ವ್ಯೂಗೆ ಹೋಗ್ತಿರೋ ಹುಡುಗನಿಗೆ ಆ ಹಣೆಪಟ್ಟಿ ಹಚ್ಚೋಕೆ ನಾನಂತೂ ಅವಸರ ಮಾಡಲ್ಲ.

ದಣಿವಾರಿಸ್ಕೊಳ್ಳೋದಕ್ಕೂ ಓಡಿಹೋಗೋದಕ್ಕೂ ಮಧ್ಯೆ ಗೆರೆ ಎಲ್ಲಿ ಅನ್ನೋ ನಿಮ್ಮ ಪ್ರಶ್ನೆಗೆ ಬರ್ತೀನಿ. ನಾರ್ವೆಯ ಮನಶ್ಶಾಸ್ತ್ರಜ್ಞ ಫ್ರೋಡೆ ಸ್ಟೆನ್ಸೆಂಗ್ ಮತ್ತು ಜೊತೆಯವ್ರು 2012ರಲ್ಲಿ ಒಂದು ವಿಚಾರ ಮುಂದಿಟ್ರು. ಯಾವುದೇ ಹವ್ಯಾಸದಲ್ಲಿ ಮುಳುಗೋರಲ್ಲಿ ಎರಡು ಥರ ಇರ್ತಾರೆ ಅಂತ. ಒಬ್ರು ಅದ್ರಿಂದ ಏನೋ ಪಡ್ಕೊಳ್ಳೋಕೆ ಮುಳುಗ್ತಾರೆ, ಹೊಸ ಕೌಶಲ, ಹೊಸ ಜನ, ಒಂದು ಖುಷಿ. ಇನ್ನೊಬ್ರು ತಮ್ಮನ್ನ ತಾವೇ ಮರೆಯೋಕೆ, ತಲೆಯೊಳಗಿನ ಗದ್ದಲ ಅಡಗಿಸೋಕೆ ಮುಳುಗ್ತಾರೆ. ಹೊರಗಿಂದ ನೋಡೋರಿಗೆ ಇಬ್ರೂ ಒಂದೇ ಥರ ಕಾಣ್ತಾರೆ, ಆದ್ರೆ ಮೊದಲನೆಯವ್ರು ಎದ್ದು ಬಂದಾಗ ಹಗುರಾಗಿರ್ತಾರೆ, ಎರಡನೆಯವ್ರು ಎದ್ದ ತಕ್ಷಣ ಅದೇ ಭಾರ ಮತ್ತೆ ಹೆಗಲಿಗೆ ಬರುತ್ತೆ. ತಮ್ಮ ಆಟ ಮುಗಿಸಿ ಎದ್ದಾಗ ಹೇಗಿರ್ತಾನೆ? ಅದನ್ನ ಗಮನಿಸಿ.

ಮೇಲ್ ಬಂದ ದಿನದ್ದು ಮಾತ್ರ ನೀವು ಹೇಳಿದ್ದು ಮುಖ್ಯ. ಆ ದಿನದ ಆಟ ಎರಡನೇ ಥರದ್ದು ಅನ್ಸುತ್ತೆ. ಆ ದಿನ ಅವ್ನ ಪಕ್ಕ ಯಾರಾದ್ರೂ ಇರೋದು ಒಳ್ಳೇದು.

ಹಳೇಆರ್ಕೇಡ್
ಕಾಯಿನ್ ಹಾಕಿ ಆಡೋ ಕಾಲದವ್ನು ನಾನು. ಈ ಮಾತು ಆಗಲೂ ಇತ್ತು, ಅದಕ್ಕೂ ಹಿಂದೇನೂ ಇತ್ತು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರ್ದಿದಾನೆ, ಲಿಡಿಯಾ ದೇಶದಲ್ಲಿ ಘೋರ ಬರ ಬಂದಾಗ ಜನ ದಾಳ, ಚೆಂಡು ಎಲ್ಲ ಆಟ ಕಂಡುಹಿಡಿದ್ರಂತೆ, ಒಂದು ದಿನ ಪೂರ್ತಿ ಆಡೋದು, ಹಸಿವು ಮರೆಯೋದು, ಮಾರನೇ ದಿನ ಊಟ ಮಾಡೋದು. ಹೀಗೆ 18 ವರ್ಷ! ಮರೆಯೋಕೆ ಆಡೋದು ಅಂದ್ರೆ ಅಷ್ಟು ಹಳೇದು. ಅದನ್ನ ಕಾಯಿಲೆ ಅನ್ನೋಕೆ ನಂಗೆ ಮನಸ್ಸು ಬರಲ್ಲ, ಬದುಕೋ ದಾರಿ ಅದು.

ಮೂರನೇಕಣ್ಣು
@ಹಳೇಆರ್ಕೇಡ್ ಆ ಕಥೆಯನ್ನ ಗೇಮ್ ಪರ ವಾದಿಸೋರು ಎಲ್ರೂ ಹೇಳ್ತಾರೆ, ಕೊನೆ ಮಾತ್ರ ಬಿಟ್ಬಿಡ್ತಾರೆ. 18 ವರ್ಷ ಆಡಿದ್ರೂ ಬರ ಹೋಗ್ಲಿಲ್ಲ, ಜಾಸ್ತಿನೇ ಆಯ್ತು. ಕೊನೆಗೆ ರಾಜ ಜನರನ್ನ ಎರಡು ಪಾಲು ಮಾಡಿ ಚೀಟಿ ಎತ್ತಿಸಿ ಅರ್ಧ ಜನ ದೇಶ ಬಿಟ್ಟು ಹಡಗು ಹತ್ತಬೇಕಾಯ್ತು ಅಂತ ಹೆರೊಡೊಟಸ್ಸೇ ಬರ್ದಿರೋದು. ನಿಜ ನಡೀತೋ ಇಲ್ವೋ ಬೇರೆ ಮಾತು, ಕಥೆ ಹೇಳೋದಾದ್ರೆ ಪೂರ್ತಿ ಹೇಳ್ಬೇಕಲ್ವಾ. ಆಟ ಅವ್ರನ್ನ ಅಲ್ಲಿ ತನಕ ಜೀವಂತ ಇಟ್ಟಿತು, ಸಮಸ್ಯೆ ಬಗೆಹರಿಸಿದ್ದು ಎದ್ದು ಹೊರಟಿದ್ದು.

ಹಳೇಆರ್ಕೇಡ್
ಜೀವಂತ ಇಟ್ಟಿತಲ್ಲ, ಅದು ಸಣ್ಣ ವಿಷ್ಯನಾ? ಹಡಗು ಹತ್ತೋಕೆ ಜನ ಉಳಿದಿರ್ಬೇಕಲ್ಲ ಮೊದ್ಲು.

ಗಿಲ್ಡ್‌ಅಕ್ಕ
ಇಲ್ಲಿ ಮಾಟ್ಸ್ ಸ್ಟೀನ್ ಕಥೆ ಗೊತ್ತಿಲ್ದೇ ಇರೋರಿಗೆ ಹೇಳ್ಲೇಬೇಕು. ನಾರ್ವೆಯ ಹುಡುಗ, ಡುಶೆನ್ ಅನ್ನೋ ಸ್ನಾಯು ಕ್ಷಯಿಸೋ ಕಾಯಿಲೆ, ವೀಲ್‌ಚೇರು, ಕೊನೆಕೊನೆಗೆ ಬೆರಳು ಮಾತ್ರ ಅಲ್ಲಾಡ್ತಿತ್ತು. ದಿನದ ಬಹುಪಾಲು, ಜನ ಆನ್‌ಲೈನಲ್ಲಿ ಒಟ್ಟಿಗೆ ಆಡೋ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡ್ತಿದ್ದ. ಮಗ ಸ್ನೇಹ ಪ್ರೀತಿ ಯಾವುದನ್ನೂ ನೋಡ್ದೆ ಹೋಗ್ತಿದಾನೆ ಅಂತ ಅಪ್ಪ ಅಮ್ಮ ಒಳಗೊಳಗೇ ಕೊರಗ್ತಿದ್ರು. 2014ರಲ್ಲಿ, 25ನೇ ವಯಸ್ಸಿಗೆ ತೀರ್ಕೊಂಡ. ಅವ್ನ ಬ್ಲಾಗಲ್ಲಿ ಅಪ್ಪ ಸಾವಿನ ಸುದ್ದಿ ಹಾಕಿದ್ದಷ್ಟೇ, ಬೇರೆ ಬೇರೆ ದೇಶದಿಂದ ಮೇಲ್ ಮೇಲೆ ಮೇಲ್. ಗೇಮಲ್ಲಿ ಅವ್ನ ಹೆಸ್ರು ಇಬೆಲಿನ್. ಕಷ್ಟದಲ್ಲಿದ್ದವ್ರ ಮಾತು ಕೇಳಿಸ್ಕೊಂಡಿದ್ದ, ಮನೇಲಿ ಬಿರುಕು ಬಿಟ್ಟವ್ರನ್ನ ಮತ್ತೆ ಮಾತಾಡೋ ಹಾಗೆ ಮಾಡಿದ್ದ, ಎಷ್ಟೋ ಜನಕ್ಕೆ ಹತ್ತಿರದ ಗೆಳೆಯ. ಅಂತ್ಯಸಂಸ್ಕಾರಕ್ಕೆ ಗೇಮಲ್ಲಿ ಅವ್ನ ತಂಡ ಆಗಿದ್ದ ಗಿಲ್ಡ್‌ನವ್ರು ಬೇರೆ ದೇಶಗಳಿಂದ ಬಂದಿದ್ರು. 2024ರಲ್ಲಿ ಅವ್ನ ಬಗ್ಗೆ ಸಾಕ್ಷ್ಯಚಿತ್ರ ಕೂಡ ಬಂತು.

ಅದೇ ಮನೇಲಿದ್ದ ಅಪ್ಪ ಅಮ್ಮನಿಗೆ ಮಗನ ಸಾಮಾಜಿಕ ಜೀವನ ಕಾಣ್ಲೇ ಇಲ್ಲ, ಯಾಕಂದ್ರೆ ಅದು ಪರದೆಯೊಳಗಿತ್ತು. ಮಿಣುಕುಹುಳ ಅವ್ರೇ, ತಮ್ಮ ಯಾರ ಜೊತೆ ನಗ್ತಾನೆ ಅಂತ ನಿಮಗೆ ಗೊತ್ತಾ? ಒಬ್ರ ಹೆಸ್ರಾದ್ರೂ ಗೊತ್ತಾ? ಆರೋಪ ಮಾಡ್ತಿಲ್ಲ, ಕೇಳಿ ತಿಳ್ಕೊಳ್ಳಿ ಅಂತ ಬೇಡ್ಕೋತಿದೀನಿ.

ನೇರನುಡಿ
ಮಾಟ್ಸ್ ಕಥೆ ಓದಿದ್ರೆ ಕಣ್ಣು ಒದ್ದೆ ಆಗುತ್ತೆ ನಿಜ, ಆದ್ರೆ ಅದನ್ನ ಎಲ್ರಿಗೂ ಅನ್ವಯಿಸ್ಬೇಡಿ. ಅವ್ನಿಗೆ ಬೇರೆ ಬಾಗಿಲು ಇರ್ಲಿಲ್ಲ. ಕೈಕಾಲು ಗಟ್ಟಿ ಇರೋರಿಗೆ ಇದೆ. ಇನ್ನೊಂದು ವಿಷ್ಯ ಯಾರೂ ಮಾತಾಡ್ತಿಲ್ಲ. ಪುಸ್ತಕ ನಿಮ್ಮನ್ನ ಹಿಡಿದಿಟ್ಕೊಳ್ಳೋಕೆ ರಾತ್ರೋರಾತ್ರಿ ತನ್ನನ್ನ ಬದಲಾಯಿಸ್ಕೊಳ್ಳಲ್ಲ. ಈಗಿನ ಎಷ್ಟೋ ಗೇಮ್ ಹಾಗಲ್ಲ, ದಿನಾ ಲಾಗಿನ್ ಆಗದಿದ್ರೆ ಬಹುಮಾನ ತಪ್ಪುತ್ತೆ, ಸೀಸನ್ ಪಾಸ್ ಅವಧಿ ಮುಗಿಯುತ್ತೆ, ಲೂಟ್ ಬಾಕ್ಸ್ ಅನ್ನೋ ಬಹುಮಾನದ ಪೆಟ್ಟಿಗೇಲಿ ಏನು ಸಿಗುತ್ತೆ ಅಂತ ಮೊದ್ಲೇ ಗೊತ್ತಾಗಲ್ಲ. ಯಾವಾಗ ಸಿಗುತ್ತೆ ಅಂತ ಗೊತ್ತಿಲ್ದೇ ಇರೋ ಬಹುಮಾನಕ್ಕೇ ಪ್ರಾಣಿಯಾಗ್ಲಿ ಮನುಷ್ಯನಾಗ್ಲಿ ಗಟ್ಟಿಯಾಗಿ ಅಂಟ್ಕೋತಾರೆ ಅಂತ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಕಾಲದಿಂದ ಗೊತ್ತು, ಜೂಜಿನ ಯಂತ್ರ ನಡಿಯೋದೂ ಅದ್ರ ಮೇಲೇ. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಲೂಟ್ ಬಾಕ್ಸನ್ನ ಜೂಜು ಅಂತಲೇ ಪರಿಗಣಿಸಿತು. ಅವ್ನು ಓಡಿಹೋಗಿ ಸೇರ್ಕೊಂಡಿರೋ ಜಾಗದ ಬಾಗಿಲನ್ನ ಹೊರಗಿಂದ ಯಾರೋ ಎಳ್ಕೊಂಡಿದಾರೆ ಅನ್ನೋದು ನನ್ನ ಆಕ್ಷೇಪ.

ರಾತ್ರಿಗೂಬೆ
@ನೇರನುಡಿ ಲೂಟ್ ಬಾಕ್ಸ್ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಒಪ್ತೀನಿ. ಆದ್ರೆ ಪರಿಹಾರ ಏನು? ಚೀನಾ 2021ರಲ್ಲಿ 18 ತುಂಬದವ್ರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆಯಲ್ಲಿ ರಾತ್ರಿ 8ರಿಂದ 9 ಅಷ್ಟೇ ಆನ್‌ಲೈನ್ ಗೇಮ್ ಅಂತ ನಿಯಮ ಮಾಡ್ತು. ದಕ್ಷಿಣ ಕೊರಿಯಾ 2011ರಲ್ಲಿ 16ಕ್ಕಿಂತ ಚಿಕ್ಕವ್ರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ತನಕ ಆಡ್ಬಾರ್ದು ಅಂತ ಕಾನೂನು ತಂದು ಹತ್ತು ವರ್ಷ ಆದ್ಮೇಲೆ ತಾನೇ ಅದನ್ನ ಕೈಬಿಡೋ ತೀರ್ಮಾನಕ್ಕೆ ಬಂತು. ನೆಗಡಿ ಬಂತು ಅಂತ ಮೂಗು ಕುಯ್ಕೊಂಡಂಗೆ ಇದು.

ನೇರನುಡಿ
ನಿಷೇಧ ಮಾಡಿ ಅಂತ ನಾನೆಲ್ಲಿ ಹೇಳ್ದೆ? ಬಲೆ ಹೆಣೆಯೋರನ್ನ ಕೇಳಿ ಅಂದೆ, ಸಿಕ್ಕಿಬಿದ್ದವ್ರನ್ನ ಬೈಬೇಡಿ ಅಂದೆ.

ಪಿಕ್ಸೆಲ್‌ಪುಟ್ಟ
ವಿಆರ್ ಕಡೆ ಬರ್ರಪ್ಪ. ನಂಗೆ ಹಾಕ್ಕೊಂಡ್ರೆ ಹತ್ತು ನಿಮಿಷಕ್ಕೆ ತಲೆ ಸುತ್ತು ವಾಂತಿ ಬರೋ ಹಾಗಾಗುತ್ತೆ, ಇದ್ರಲ್ಲಿ ಸಾಮಾಜಿಕ ಜೀವನ ಹೆಂಗೆ ಮಾಡೋದು?

ಮೂರನೇಕಣ್ಣು
@ಪಿಕ್ಸೆಲ್‌ಪುಟ್ಟ ಕಣ್ಣು "ನಡೀತಿದೀನಿ" ಅನ್ನುತ್ತೆ, ಒಳಕಿವಿ "ನಿಂತಿದೀನಿ" ಅನ್ನುತ್ತೆ, ಆ ಜಗಳದಿಂದ ಬರೋ ವಾಕರಿಕೆ ಅದು. ಸ್ಟಿಕ್ ಒತ್ತಿ ನಡಿಯೋದು ಬಿಟ್ಟು ಟೆಲಿಪೋರ್ಟ್ (ಬೇಕಾದ ಜಾಗಕ್ಕೆ ಒಮ್ಮೆಗೇ ಜಿಗಿಯೋದು) ಇಟ್ಕೊಳ್ಳಿ, ತಿರುಗೋದನ್ನ ಸ್ನ್ಯಾಪ್ ಟರ್ನ್ (ನಿಧಾನಕ್ಕಲ್ಲ, ತಟ್ ಅಂತ ತಿರುಗೋದು) ಮಾಡಿ, ಲೆನ್ಸ್ ನಡುವಿನ ಅಂತರ ನಿಮ್ಮ ಕಣ್ಣುಪಾಪೆಗಳ ಅಂತರಕ್ಕೆ ಹೊಂದಿಸಿ, ವಾಕರಿಕೆ ಶುರು ಆದ ತಕ್ಷಣ ತೆಗೀರಿ, ಹಠ ಮಾಡ್ಬೇಡಿ. ತಲೆನೋವು ಬೇರೆ ಕಾರಣಕ್ಕೂ ಬರುತ್ತೆ. ವಸ್ತು ಹತ್ರ ಬಂದ ಹಾಗೆ ಕಂಡು ಎರಡೂ ಕಣ್ಣು ಒಳಕ್ಕೆ ತಿರುಗುತ್ತೆ, ಆದ್ರೆ ಫೋಕಸ್ ಮಾತ್ರ ಯಾವಾಗ್ಲೂ ಒಂದೇ ದೂರದಲ್ಲಿರುತ್ತೆ, ಈಗಿನ ಬಹುಪಾಲು ಹೆಡ್‌ಸೆಟ್‌ಗಳಲ್ಲಿ ಈ ತೊಂದ್ರೆ ಹಾಗೇ ಇದೆ.

ಮಿಣುಕುಹುಳ ಅವ್ರು ಹಿಂದೆ ಹೆಜ್ಜೆ ಇಟ್ಟಿದ್ದು ಇದೇ ವಿಷಯದ ಇನ್ನೊಂದು ಮುಖ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ಮಾಡಿದ ಹೆಡ್‌ಸೆಟ್ ಭಾರ ಇತ್ತು, ತಲೆ ಎತ್ತ ತಿರುಗಿತು ಅಂತಲೂ ಅಳೀಬೇಕಿತ್ತು, ಅದಕ್ಕೇ ಛಾವಣಿಗೆ ನೇತುಹಾಕಿದ್ರು, ಅದ್ರಲ್ಲಿ ಕಾಣ್ತಿದ್ದದ್ದು ಬರೀ ಗೆರೆಯ ಚೌಕ. ಆದ್ರೆ ತಲೆ ತಿರುಗಿಸಿದ್ರೆ ನೋಟವೂ ತಿರುಗ್ತಿತ್ತು, ಅದೇ ಇಡೀ ಗುಟ್ಟು. ತಲೆ ಅಲ್ಲಾಡಿಸಿದ್ದಕ್ಕೂ ಚಿತ್ರ ಬದಲಾಗೋದಕ್ಕೂ ಮಧ್ಯೆ ಸುಮಾರು 20 ಮಿಲಿಸೆಕೆಂಡಿಗಿಂತ ಕಮ್ಮಿ ಇದ್ರೆ ಮೆದುಳು "ನಾನು ಇಲ್ಲಿದೀನಿ" ಅಂತ ಒಪ್ಕೊಂಡುಬಿಡುತ್ತೆ, ಚಿತ್ರ ಕಾರ್ಟೂನ್ ಥರ ಇದ್ರೂ ಪರವಾಗಿಲ್ಲ. ಆಮೇಲೆ ಎದುರಿಗಿರೋ ಗೊಂಬೆಯ ತಲೆ ಮತ್ತು ಕೈ ನಿಜವಾದ ಮನುಷ್ಯ ಅಲ್ಲಾಡಿಸ್ತಿರೋದು, ಆ ಸಣ್ಣಪುಟ್ಟ ಅಲುಗಾಟದಲ್ಲೇ ಜೀವ ಇದೆ ಅಂತ ನಮಗೆ ಗೊತ್ತಾಗೋದು. ವಿಡಿಯೋ ಕಾಲಲ್ಲಿ ಮುಖ ಸ್ಪಷ್ಟವಾಗಿ ಕಾಣುತ್ತೆ, ಆದ್ರೆ ಇಬ್ರೂ ಒಂದೇ ಜಾಗದಲ್ಲಿ ಇರಲ್ಲ. ಇಲ್ಲಿ ಮುಖ ಸುಳ್ಳು, ಜೊತೆಗಿರೋದು ನಿಜ. ಪಕ್ಕದಲ್ಲಿ ಪಿಸುಗುಟ್ಟಿದ್ರೆ ಆ ಕಿವಿಯಲ್ಲೇ ಕೇಳ್ಸುತ್ತೆ, ಗುಂಪಿನಿಂದ ಇಬ್ರು ಸ್ವಲ್ಪ ದೂರ ಹೋಗಿ ಮಾತಾಡ್ಬೋದು, ಸುಮ್ನೆ ಕೂತಿರ್ಬೋದು. ಫೋನಲ್ಲಿ ಸುಮ್ನೆ ಇರೋಕಾಗಲ್ಲ, ಕಟ್ ಆಯ್ತಾ ಅಂತ ಕೇಳ್ತಾರೆ.

ಹಳೇಆರ್ಕೇಡ್
ಸುಮ್ನೆ ಕೂತಿರ್ಬೋದು ಅನ್ನೋದು ತುಂಬ ಸರಿಯಾದ ಮಾತು. ಆದ್ರೂ ಎಲ್ರ ಮನೆಗೂ ಬರುತ್ತೆ ಅನ್ನೋದನ್ನ ಮೂವತ್ತು ವರ್ಷದಿಂದ ಕೇಳ್ತಿದೀನಿ. 1995ರಲ್ಲಿ ನಿಂಟೆಂಡೊ ವರ್ಚುವಲ್ ಬಾಯ್ ಅನ್ನೋ ಗೇಮ್ ಯಂತ್ರ ಬಂತು, ಕೆಂಪು ಬಣ್ಣ ಬಿಟ್ರೆ ಬೇರೆ ಇಲ್ಲ, ಬಂದಷ್ಟೇ ಬೇಗ ಹೋಯ್ತು. 2021ರಲ್ಲಿ ಫೇಸ್‌ಬುಕ್ ಕಂಪನಿ ಹೆಸ್ರನ್ನೇ ಮೆಟಾ ಅಂತ ಮಾಡ್ಕೊಂಡಾಗ ಇನ್ನೇನು ಎಲ್ರೂ ಅಲ್ಲೇ ಇರ್ತಾರೆ ಅಂದ್ರು. ಇವತ್ತೂ ಹೆಚ್ಚಿನ ಜನಕ್ಕೆ ಮೊಬೈಲೇ ಸಾಕು.

ನೀಲಿಗುಬ್ಬಿ
ಎಲ್ರೂ "ಜೊತೆಗಿರೋದು" ಅಂತ ಖುಷಿಯಾಗಿ ಹೇಳ್ತಿದೀರ, ಅದ್ರ ಇನ್ನೊಂದು ಬದಿ ನಾನು ಹೇಳ್ತೀನಿ. ಬಾಯಿ ಬಿಟ್ಟು ಮಾತಾಡಿದ ಕೂಡ್ಲೇ ಹೆಣ್ಣಿನ ದನಿ ಅಂತ ಗೊತ್ತಾಗುತ್ತೆ, ಆಮೇಲೆ ಶುರು. ಹಿಂದೆ ಹಿಂದೆ ಬರೋದು, ಮೈಮೇಲೆ ಬೀಳೋ ಹಾಗೆ ನಿಲ್ಲೋದು, ಕೈಯಿಂದ ಅಸಹ್ಯ ಸನ್ನೆ. ಮಾಮೂಲಿ ಗೇಮಲ್ಲಿ ಯಾರೋ ಕೆಟ್ಟದಾಗಿ ಟೈಪ್ ಮಾಡಿದ್ರೆ ಕೋಪ ಬರುತ್ತೆ, ವಿಆರ್‌ನಲ್ಲಿ ಮೈ ನಡುಗುತ್ತೆ. ಮೂರನೇಕಣ್ಣು ಅವ್ರು ಹೇಳಿದ ಅದೇ 20 ಮಿಲಿಸೆಕೆಂಡ್ ನನ್ನ ದೇಹಕ್ಕೂ ಅನ್ವಯಿಸುತ್ತಲ್ವಾ, ಅಪ್ಪುಗೆ ನಿಜ ಅನ್ಸಿದ್ರೆ ಹಲ್ಲೆಯೂ ನಿಜ ಅನ್ಸುತ್ತೆ.

ಇದು ಹೊಸದೂ ಅಲ್ಲ. 1993ರಲ್ಲಿ ಲ್ಯಾಂಬ್ಡಾಮೂ ಅಂತ ಬರೀ ಟೈಪ್ ಮಾಡಿದ ಅಕ್ಷರದ ಆನ್‌ಲೈನ್ ಲೋಕ ಇತ್ತು, ಚಿತ್ರನೂ ಇಲ್ಲ ದನಿಯೂ ಇಲ್ಲ. ಅಲ್ಲಿ ಒಬ್ಬ ಬೇರೆಯವ್ರ ಪಾತ್ರಗಳನ್ನ ತನ್ನ ಹಿಡಿತಕ್ಕೆ ತಗೊಂಡು ಎಲ್ರ ಮುಂದೆ ಲೈಂಗಿಕ ದೌರ್ಜನ್ಯ ಮಾಡ್ದ. ಅಕ್ಷರವೇ ಆದ್ರೂ ನೋವಾದವ್ರಿಗೆ ನೋವಾಯ್ತು. ಆಗ ಅಲ್ಲಿದ್ದ ಜನ ಸೇರಿ ದಿನಗಟ್ಲೆ ಚರ್ಚೆ ಮಾಡಿದ್ರು, ಕೊನೆಗೆ ಅಲ್ಲಿನ ಒಬ್ಬ ನಿರ್ವಾಹಕ ಅವ್ನ ಪಾತ್ರ ಅಳಿಸಿಹಾಕ್ದ, ಆಮೇಲೆ ನಿಯಮಗಳಿಗೆ ಮತ ಹಾಕೋ ವ್ಯವಸ್ಥೆಯೂ ಬಂತು. ಸುಮಾರು 29 ವರ್ಷ ಬಿಟ್ಟು, 2022ರ ಫೆಬ್ರವರಿಯಲ್ಲಿ ಮೆಟಾ ತನ್ನ ವಿಆರ್ ಲೋಕ ಹೊರೈಜನ್ ವರ್ಲ್ಡ್ಸ್‌ನಲ್ಲಿ ಅವತಾರಗಳ, ಅಂದ್ರೆ ಒಳಗೆ ನಮ್ಮ ಬದಲು ಕಾಣೋ ಗೊಂಬೆಗಳ ಮಧ್ಯೆ ಸುಮಾರು 4 ಅಡಿ ಅಂತರ ಬರೋ ಹಾಗೆ ಗಡಿ ಹಾಕ್ತು. ಅದನ್ನ ಜನರಿಗೆ ತೆರೆದು ಎರಡು ತಿಂಗಳಾದ್ಮೇಲೆ! ಮನುಷ್ಯರನ್ನ ಮೊದ್ಲು ಒಳಗೆ ಬಿಟ್ಟು ಬೀಗ ಆಮೇಲೆ ಹಾಕ್ತಾರೆ ಅಂದ್ರೆ ನಾನು ಹೇಗೆ ನಂಬ್ಲಿ?

ಅಲೆಮಾರಿ42
ಅಷ್ಟು ತೊಂದ್ರೆ ಆದ್ರೆ ಹೆಡ್‌ಸೆಟ್ ತೆಗೆದಿಟ್ರೆ ಆಯ್ತಲ್ಲ?

ನೀಲಿಗುಬ್ಬಿ
@ಅಲೆಮಾರಿ42 ನನ್ನ ಸ್ನೇಹಿತರು ಅಲ್ಲಿದಾರೆ, ನಾನ್ಯಾಕೆ ಎದ್ದು ಹೋಗ್ಬೇಕು? ಕೆಟ್ಟದಾಗಿ ನಡ್ಕೊಂಡವ್ನು ಹೋಗ್ಲಿ. ಬೀದಿಯಲ್ಲಿ ಕಾಟ ಕೊಟ್ರೆ ಮನೇಲೇ ಇರು ಅನ್ನೋ ಸಲಹೆ ನಾವು ಕೇಳಿ ಕೇಳಿ ಸಾಕಾಗಿದೆ, ಅದನ್ನ ಹೊಸ ಲೋಕಕ್ಕೂ ಹೊತ್ಕೊಂಡು ಬರ್ಬೇಡಿ.

ಗಿಲ್ಡ್‌ಅಕ್ಕ
👏 ಇದಕ್ಕೆ ಇನ್ನೇನೂ ಸೇರ್ಸೋಕಿಲ್ಲ.

ಮೌನಸನ್ನೆ
ಯಾವತ್ತೂ ಓದಿ ಹೋಗೋನು, ಇವತ್ತು ಬರೀತೀನಿ. ನಂಗೆ ಕಿವಿ ಕೇಳ್ಸಲ್ಲ. ವಾಯ್ಸ್ ಚಾಟ್ ಬಂದ್ಮೇಲೆ ಆನ್‌ಲೈನ್ ಗೇಮ್‌ಗಳಿಂದ ನಾವು ಹೊರಗೇ ಉಳಿದ್ವಿ, ಎಲ್ರೂ ಮಾತಾಡ್ತಾರೆ ನಮಗೆ ಏನೂ ಗೊತ್ತಾಗಲ್ಲ. ವಿಆರ್‌ಚಾಟಲ್ಲಿ (ಜನ ಗೊಂಬೆ ರೂಪದಲ್ಲಿ ಸೇರಿ ಹರಟೋ ಆನ್‌ಲೈನ್ ಜಾಗ) ಸನ್ನೆಭಾಷೆ ಮಾತಾಡೋ ಗುಂಪುಗಳಿವೆ. 2019ರಲ್ಲಿ ವಾಲ್ವ್ ಕಂಪನಿಯ ಇಂಡೆಕ್ಸ್ ಅನ್ನೋ ಕೈಗೆ ಹಾಕ್ಕೊಳ್ಳೋ ಕಂಟ್ರೋಲರ್ ಬಂದಾಗ ಒಂದೊಂದು ಬೆರಳೂ ಬೇರೆ ಬೇರೆ ಅಲ್ಲಾಡೋದು ಕಾಣೋ ಹಾಗಾಯ್ತು. ಆದ್ರೂ ಕೆಲವು ಕೈಮುದ್ರೆ ಬರಲ್ಲ, ಬೆರಳು ಅಡ್ಡಾದಿಡ್ಡಿ ಹೆಣೆಯೋಕಾಗಲ್ಲ, ಅದಕ್ಕೆ ಅಲ್ಲಿನವ್ರು ಸನ್ನೆಗಳನ್ನ ಬದಲಾಯಿಸ್ಕೊಂಡು ಮಾತಾಡ್ತಾರೆ. ಬೇರೆ ಬೇರೆ ದೇಶದ ಸನ್ನೆಭಾಷೆಯವ್ರು ಒಂದೇ ಕಡೆ ಸೇರಿ ಕಲಿಸೋದು ಕಲಿಯೋದು ನಡಿಯುತ್ತೆ. ಕೇಳಿಸೋರೂ ಬಂದು ಕಲೀತಾರೆ. ನಾನು ಅಲ್ಲಿಗೆ ಹೋಗೋದನ್ನ ಓಡಿಹೋಗೋದು ಅಂತ ಯಾರಾದ್ರೂ ಅಂದ್ರೆ ಬೇಜಾರಾಗುತ್ತೆ, ಯಾಕಂದ್ರೆ ಹೊರಗಡೆ ನನ್ನ ಜೊತೆ ಕೈಯಲ್ಲಿ ಮಾತಾಡೋರು ತುಂಬ ಕಮ್ಮಿ ಜನ.

ಒಂದೇಸಾಲು
ಬರ್ದಿದ್ದಕ್ಕೆ ಥ್ಯಾಂಕ್ಸ್ ಮೌನಸನ್ನೆ, ಇನ್ಮೇಲೆ ಬರೀತಾ ಇರಿ.

ಮನೋಮಂಥನ
ಇದ್ರ ಜೊತೆಗೆ ಇನ್ನೆರಡು ಸೇರಿಸ್ತೀನಿ. ಮರೆಯೋದೇ ಔಷಧಿ ಆಗೋ ಸಂದರ್ಭವೂ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಜೊತೆಯವ್ರು ಸುಟ್ಟಗಾಯದ ರೋಗಿಗಳಿಗೆ ಸ್ನೋವರ್ಲ್ಡ್ ಅಂತ ಒಂದು ಹಿಮದ ಲೋಕ ಮಾಡಿದ್ರು. ಗಾಯದ ಪಟ್ಟಿ ಬಿಚ್ಚಿ ತೊಳೆಯೋವಾಗ ರೋಗಿ ಅಲ್ಲಿ ಹಿಮದ ಉಂಡೆ ಎಸೀತಾ ಇರ್ತಾನೆ, ಗಮನ ಅತ್ತ ಹೋದಷ್ಟೂ ನೋವಿನ ಅನುಭವ ಕಮ್ಮಿ ಆಗುತ್ತೆ ಅಂತ ಕಂಡುಬಂತು. ಎರಡನೇದು ಪ್ರೋಟಿಯಸ್ ಪರಿಣಾಮ. 2007ರಲ್ಲಿ ಸಂಶೋಧಕರಾದ ನಿಕ್ ಯೀ ಮತ್ತು ಜೆರೆಮಿ ಬೇಲೆನ್‌ಸನ್ ತೋರ್ಸಿದ್ರು, ಎತ್ತರದ ಅವತಾರ ಕೊಟ್ಟವ್ರು ಹಣ ಹಂಚಿಕೊಳ್ಳೋ ಚೌಕಾಶಿಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತ್ರು, ಚೆಂದದ ಅವತಾರ ಸಿಕ್ಕವ್ರು ಬೇರೆಯವ್ರ ಹತ್ತಿರ ಹೋಗಿ ನಿಂತು ಹೆಚ್ಚು ಮಾತಾಡಿದ್ರು. ಹಾಕ್ಕೊಂಡ ವೇಷ ಒಳಗಿರೋ ಮನುಷ್ಯನ ನಡವಳಿಕೆಯನ್ನೂ ಎಳೆಯುತ್ತೆ. ಸಂಕೋಚದವ್ರಿಗೆ ಇದು ಅಭ್ಯಾಸದ ಜಾಗ ಆಗ್ಬೋದು.

ಕಡ್ಡಿಮುರಿದಂಗ
ಎಲ್ಲಾ ಓದೀನ್ರಿ. ನನಗ ಒಂದ ಮಾತು ಹೇಳೂದೈತಿ. ಮನ್ಯಾಗ ಯಾರರೆ ತೀರಿಕೊಂಡಾಗ ಒಬ್ಬರು ಬಂದು ಬಾಜೂಕ ಕುಂತು ಹೆಗಲ ಮ್ಯಾಲ ಕೈ ಇಡತಾರಲ್ಲ, ಆ ಕೈಯ ಭಾರ ಯಾವ ಯಂತ್ರದಾಗೂ ಬರಂಗಿಲ್ಲ. 2020ರಾಗ ದಕ್ಷಿಣ ಕೊರಿಯಾದ ಟಿವಿಯವ್ರು ಏಳು ವರ್ಷಕ್ಕ ತೀರಿಕೊಂಡ ಒಂದು ಕೂಸನ್ನ ವಿಆರ್‌ದಾಗ ಮತ್ತ ಮಾಡಿ ಅದರ ಅವ್ವಗ ತೋರಿಸಿದ್ರು. ಆ ತಾಯಿ ಗಾಳ್ಯಾಗ ಕೈ ಆಡಿಸಿ ಕೂಸನ್ನ ಮುಟ್ಟಾಕ ನೋಡೂದು ಕಂಡು ನನಗ ರಾತ್ರಿ ನಿದ್ದಿ ಬರಲಿಲ್ಲ. ಆಕೀಗೆ ಸಮಾಧಾನ ಆಗಿರಬಹುದು, ನಾ ಅದನ್ನ ಅಲ್ಲಗಳ್ಯಾಕ ಬರಂಗಿಲ್ಲ. ಆದ್ರ ಸತ್ತವ್ರನ್ನ ದಿನಾ ಹೋಗಿ ನೋಡಿಬರೂ ಜಾಗ ಅಂತ ಆತಂದ್ರ ಅಳೂದು ಮುಗಿಯೂದು ಯಾವಾಗ? ಇಲ್ಲೇ ನಾ ಗೆರಿ ಎಳೀತೀನ್ರಿ.

ಮೂರನೇಕಣ್ಣು
@ಕಡ್ಡಿಮುರಿದಂಗ ನಿಮ್ಮ ಗೆರೆ ನಂಗೂ ಒಪ್ಪಿಗೆ, ಕಾರಣ ಮಾತ್ರ ಬೇರೆ. 1974ರಲ್ಲಿ ರಾಬರ್ಟ್ ನೋಜಿಕ್ ಅನ್ನೋ ತತ್ವಜ್ಞಾನಿ ಒಂದು ಪ್ರಶ್ನೆ ಕೇಳಿದ್ರು, ಬೇಕಾದ ಅನುಭವ ಎಲ್ಲ ಕೊಡೋ ಯಂತ್ರ ಇದ್ರೆ ಜೀವನಪೂರ್ತಿ ಅದಕ್ಕೆ ತಂತಿ ಸಿಕ್ಕಿಸ್ಕೊಂಡು ಇರ್ತೀರಾ ಅಂತ. ಬೇಡ ಅಂತಾರೆ ಹೆಚ್ಚಿನವ್ರು, ಯಾಕಂದ್ರೆ ಅನುಭವ ಸಿಕ್ಕಿದ್ರೆ ಸಾಲದು, ನಿಜವಾಗಿ ಮಾಡ್ಬೇಕು, ನಿಜವಾದವ್ರು ಜೊತೆಗಿರ್ಬೇಕು. ವಿಆರ್ ಅಂದ ತಕ್ಷಣ ಈ ಯಂತ್ರ ಎಳೆದು ತರ್ತಾರೆ, ಅದು ಸರಿಯಾದ ಹೋಲಿಕೆ ಅಲ್ಲ. ಮೌನಸನ್ನೆ ಅವ್ರ ಎದುರಿಗೆ ಕೈ ಆಡಿಸ್ತಿರೋದು ನಿಜವಾದ ಮನುಷ್ಯ. ಬೇಜಾರಾದ್ರೆ ಎದ್ದುಹೋಗ್ತಾನೆ, ಒಪ್ಪದಿದ್ರೆ ಜಗಳ ಆಡ್ತಾನೆ.

ಆದ್ರೆ ಎದುರಿಗಿರೋದು ಎಐ ಬಾಟ್ ಆದ್ರೆ? ಯಾವಾಗ್ಲೂ ನಗ್ತಾ ಒಪ್ಕೋತಾ ಇರೋ ಗೆಳೆಯ, ಯಾವತ್ತೂ ಬಿಟ್ಟುಹೋಗದ ಗೆಳತಿ. ಅದು ನೋಜಿಕ್ ಯಂತ್ರವೇ. ನಂಗೆ ಹೆಡ್‌ಸೆಟ್ ಬಗ್ಗೆ ಭಯ ಇಲ್ಲ, ಒಳಗೆ ಎದುರಿಗೆ ಯಾರೂ ಇಲ್ದೇ ಹೋಗೋದ್ರ ಬಗ್ಗೆ ಭಯ.

ರಾತ್ರಿಗೂಬೆ
ಬಾಟ್ ಜೊತೆ ಮಾತಾಡಿ ಒಬ್ಬನಿಗೆ ಆ ರಾತ್ರಿ ಕಳೆಯೋಕೆ ಸಹಾಯ ಆದ್ರೆ ತಪ್ಪೇನು?

ಮೂರನೇಕಣ್ಣು
ಒಂದು ರಾತ್ರಿಗೆ ತಪ್ಪಿಲ್ಲ. ಅದಿಲ್ದೆ ಯಾವ ರಾತ್ರಿಯೂ ಕಳೆಯಲ್ಲ ಅಂತಾದಾಗ?

ನೇರನುಡಿ
ನಿಮ್ಮೆಲ್ರಿಗಿಂತ ನಂಗೆ ಬೇರೆ ಭಯ ಇದೆ, ಆ ವಿಆರ್ ಲೋಕದ ಮಾಲೀಕ ಯಾರು ಅನ್ನೋದು. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಸಂಶೋಧಕರು ಬೀಟ್ ಸೇಬರ್ ಅನ್ನೋ ವಿಆರ್ ಗೇಮ್ ಆಡೋ 55,000ಕ್ಕೂ ಹೆಚ್ಚು ಜನರ ಬರೀ ತಲೆ ಮತ್ತು ಕೈ ಚಲನೆ ತಗೊಂಡು, 100 ಸೆಕೆಂಡಿನ ದಾಖಲೆ ನೋಡಿ ಇದು ಇಂಥವ್ರೇ ಅಂತ 94%ಕ್ಕೂ ಹೆಚ್ಚು ನಿಖರವಾಗಿ ಗುರುತಿಸಿದ್ರು. ಹೆಸ್ರು ಮುಚ್ಚಿಟ್ಟು ವೇಷ ಬದಲಾಯಿಸಿದ್ರೂ ನೀವು ಕೈ ಬೀಸೋ ರೀತಿಯೇ ನಿಮ್ಮನ್ನ ಹಿಡ್ಕೊಡುತ್ತೆ. ಸಂಕೋಚ ಬಿಟ್ಟು ಬೇರೆ ರೂಪದಲ್ಲಿ ಮಾತಾಡ್ತಿರೋ ಹುಡುಗ, ತಾನು ಗುಟ್ಟಾಗಿದೀನಿ ಅಂತ ನಂಬಿರೋನು, ಅವ್ನಿಗೆ ಇದು ಗೊತ್ತಾ?

ಇನ್ನೊಂದು, ಆಲ್ಟ್‌ಸ್ಪೇಸ್‌ವಿಆರ್ ನೆನಪಿದೆಯಾ? ವಿಆರ್‌ನಲ್ಲಿ ಜನ ಸೇರೋ ಜಾಗ, 2015ರಿಂದ ಇತ್ತು, ಜನ ಅಲ್ಲಿ ಸಭೆ ಸೇರೋರು, ಪ್ರಾರ್ಥನೆ ಮಾಡೋರು, ಸಂಗೀತ ಕೇಳೋರು. ಮೈಕ್ರೋಸಾಫ್ಟ್ 2017ರಲ್ಲಿ ತಗೊಂಡು 2023ರ ಮಾರ್ಚಲ್ಲಿ ಮುಚ್ಚಿಬಿಡ್ತು. ಮುಚ್ಚಿದ್ರೆ ಜನ ಬೇರೆ ಕಡೆ ಹೋಗ್ತಾರೆ ಅನ್ಬೋದು, ಎಲ್ರೂ ಒಂದೇ ಕಡೆ ಹೋಗಲ್ಲ, ಗುಂಪು ಚದುರುತ್ತೆ. ನಮ್ಮ ಸ್ನೇಹಗಳನ್ನೆಲ್ಲ ಒಂದು ಕಂಪನಿಯ ಲಾಭನಷ್ಟದ ಮೇಲೆ ನಿಲ್ಸೋದಾ?

ಹಳೇಆರ್ಕೇಡ್
ಅದಕ್ಕೇ ಗಿಲ್ಡ್‌ನವ್ರು ಫೋನ್ ನಂಬರು, ಮೇಲ್ ಐಡಿ ಹೊರಗೂ ಇಟ್ಕೋಬೇಕು. ಸರ್ವರ್ ಹೋದ್ರೂ ಜನ ಹೋಗಲ್ಲ.

ಗಿಲ್ಡ್‌ಅಕ್ಕ
ನಮ್ಮ ಗುಂಪಲ್ಲಿ ಹಾಗೇ ಮಾಡಿದೀವಿ. ಆ ಗೇಮ್ ಬಿಟ್ಟು ಎಷ್ಟೋ ವರ್ಷ ಆಯ್ತು, ಈಗಲೂ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಮೊದ್ಲು ಫೋನ್ ಬರೋದು ಅವ್ರಿಂದಲೇ.

ಮಿಣುಕುಹುಳ
ಎಲ್ರ ಮಾತೂ ಓದ್ದೆ, ಕೆಲವನ್ನ ಎರಡೆರಡು ಸಲ. ನಿನ್ನೆ ತಮ್ಮನ್ನ ಗಿಲ್ಡ್‌ಅಕ್ಕ ಹೇಳಿದ ಹಾಗೆ ಕೇಳ್ದೆ, ಯಾರ ಜೊತೆ ಆಡ್ತೀಯ ಅಂತ. ಮೊದ್ಲು ಅನುಮಾನದಿಂದ ನೋಡ್ದ, ಆಮೇಲೆ ಶುರು ಮಾಡಿದವ್ನು ನಿಲ್ಸಲೇ ಇಲ್ಲ. ಅವ್ರಲ್ಲಿ ಒಬ್ರು ಅವ್ನ ರೆಸ್ಯೂಮೆ ತಿದ್ದಿಕೊಟ್ಟಿದಾರಂತೆ, ಇನ್ನೊಬ್ರು ವಿಆರ್‌ನಲ್ಲಿ ಎದುರಿಗೆ ಕೂತು ಇಂಟರ್ವ್ಯೂ ಪ್ರಾಕ್ಟೀಸ್ ಮಾಡಿಸ್ತಾರಂತೆ. ಇದ್ಯಾವುದೂ ನಮಗೆ ಗೊತ್ತಿರ್ಲಿಲ್ಲ. ಆದ್ರೆ ನಿದ್ದೆ ಕೆಟ್ಟಿದೆ ಅಂತ ಅವ್ನೇ ಒಪ್ಕೊಂಡ. ಆಗಲ್ಲ ಅಂತ ಮೇಲ್ ಬಂದ ದಿನ ಆಡೋ ಆಟ ಒಂಚೂರೂ ಖುಷಿ ಕೊಡಲ್ಲ, ಸುಮ್ನೆ ಟೈಮ್ ಹೋಗ್ಲಿ ಅಂತ ಆಡ್ತೀನಿ ಅಂದ. ಮನೋಮಂಥನ ಅವ್ರು ಹೇಳಿದ ಎರಡೂ ಥರ ಒಬ್ಬನಲ್ಲೇ ಇದೆ. ಆ ದಿನಗಳಲ್ಲಿ ನಾನು ಏನು ಮಾಡ್ಲಿ ಅನ್ನೋದು ಇನ್ನೂ ಗೊತ್ತಾಗಿಲ್ಲ.

ಒಂದು ಕೇಳ್ಬೇಕು, ಅವ್ನು ಸ್ನೇಹಿತರನ್ನ ಪರಿಚಯ ಮಾಡಿಸ್ತೀನಿ ಬಾ ಅಂತ ಕರ್ದಿದಾನೆ, ವಿಆರ್‌ಚಾಟಲ್ಲಿ. ಹೆಡ್‌ಸೆಟ್ ಒಂದೇ ಇರೋದು, ನೀಲಿಗುಬ್ಬಿ ಅವ್ರು ಬರ್ದಿದ್ದು ಓದಿ ಸ್ವಲ್ಪ ಹೆದರಿಕೆಯೂ ಇದೆ.

ಮನೋಮಂಥನ
ಆ ದಿನ ಪರಿಹಾರ ಹೇಳೋಕೆ ಹೋಗ್ಬೇಡಿ, "ಇವತ್ತು ನಾನೂ ಇಲ್ಲೇ ಕೂತಿರ್ಲಾ" ಅಂತ ಕೇಳಿ ಸಾಕು. ನಿದ್ದೆಯ ವಿಷ್ಯ ಮಾತ್ರ ಹಗುರ ತಗೋಬೇಡಿ. ಎದ್ದೇಳೋ ಹೊತ್ತನ್ನ ಮೊದ್ಲು ಒಂದೇ ಕಡೆ ನಿಲ್ಸಿ, ಮಲಗೋ ಹೊತ್ತು ನಿಧಾನಕ್ಕೆ ಹಿಂದೆ ಬರುತ್ತೆ. ಕೆಲ ವಾರ ಕಳೆದ್ರೂ ಸರಿ ಹೋಗದೆ ಮನಸ್ಸು ಮಂಕಾಗೇ ಇದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಕಡ್ಡಿಮುರಿದಂಗ
ಹೋಗಿ ನೋಡ್ರಿ ಅಕ್ಕಾರ. ಅವ್ರು ಎಂಥವ್ರು ಅಂತ ನಿಮಗ ಗೊತ್ತಾಗತೈತಿ. ಒಂದಿನ ಅವ್ರನ್ನ ಮನೀಗೂ ಕರೀರಿ, ಬರೂವಷ್ಟು ಹತ್ರ ಇದ್ರ.

ನೀಲಿಗುಬ್ಬಿ
@ಮಿಣುಕುಹುಳ ಹೆದರ್ಬೇಡಿ, ಹೋಗಿ. ವಿಆರ್‌ಚಾಟ್‌ಗೆ ಹೆಡ್‌ಸೆಟ್ ಬೇಕೇ ಬೇಕು ಅಂತಿಲ್ಲ, ಕಂಪ್ಯೂಟರಲ್ಲಿ ಕೀಬೋರ್ಡ್ ಮೌಸ್ ಇಟ್ಕೊಂಡೂ ಒಳಗೆ ಹೋಗ್ಬೋದು, ತಲೆಸುತ್ತೂ ಇರಲ್ಲ. ತಮ್ಮನಿಗೆ ಹೇಳಿ ಎಲ್ರಿಗೂ ತೆರೆದಿರೋ ಕಡೆ ಬೇಡ, ಕರೆದವ್ರು ಮಾತ್ರ ಬರೋ ಹಾಗೆ ಪ್ರೈವೇಟ್ ಆಗಿ ಒಂದು ಜಾಗ ತೆರೀಲಿ. ಒಳಗೆ ಹೋಗೋ ಮುಂಚೆ ಸೇಫ್ಟಿ ಸೆಟ್ಟಿಂಗ್ ಒಂದ್ಸಲ ನೋಡ್ಕೊಳ್ಳಿ, ಪರಿಚಯ ಇಲ್ದೇ ಇರೋರ ದನಿ, ಅವತಾರ ಎರಡನ್ನೂ ಆಫ್ ಮಾಡಿಡ್ಬೋದು. ಯಾರಾದ್ರೂ ಕಿರಿಕಿರಿ ಮಾಡಿದ್ರೆ ಅವ್ರ ಮೇಲೆ ಕ್ಲಿಕ್ ಮಾಡಿ ಬ್ಲಾಕ್ ಒತ್ತಿ, ಅವ್ರಿಗೆ ನೀವು ಕಾಣಲ್ಲ ನಿಮಗೆ ಅವ್ರು ಕಾಣಲ್ಲ. ಮೈಕ್ ಮೊದ್ಲು ಮ್ಯೂಟಲ್ಲಿಟ್ಟು ಸ್ವಲ್ಪ ಹೊತ್ತು ಕೇಳಿಸ್ಕೊಳ್ಳಿ, ಮಾತಾಡ್ಬೇಕು ಅನ್ಸಿದಾಗ ತೆಗೀರಿ. ಅಕೌಂಟ್ ಮಾಡೋವಾಗ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಇಲ್ಲೇ ಬರೀರಿ, ರಾತ್ರಿ ಇರ್ತೀನಿ.